ಇಂಗ್ಲಿಷಿಗೂ ಬೇಕು ಸಂಥೆ

ಕಲಘಟಗಿ ತಾಲೂಕಿನ ತಂಬೂರಿನಂಥ ಗ್ರಾಮಗಳಲ್ಲಿ ನಾಲ್ಕು ಜನ ಹಿರಿಯರು ಕಟ್ಟೆಗೆ ಕೂಡಿದರೆ, ಗೋವಿನಜೋಳ, ಸೋಯಾಬೀನಿನ ಮಾತು ಮುಗಿದೊಡನೆ ಮಕ್ಕಳ ಇಂಗ್ಲಿಷಿನ ಮಾತು ಬರುತ್ತದೆ. “ನಮ್ಮ ಹುಡುಗ ಇಂಗ್ಲಿಷ್ ಓದತಾನ್ರಿ, ಬರೀತಾನ್ರಿ, ಆದರ ಬಾಯಿ ತೆರೆಯಂಗಿಲ್ರಿ” ಎಂಬುದು ಅವರ ಅಳಲು. ಇದಕ್ಕೆ ಪರಿಹಾರವೆಂದು ಅವರಿಗೆ ತೋರುವ ದಾರಿ ಒಂದೇ. ಮಗುವನ್ನು ಊರ ಕನ್ನಡ ಸಾಲಿಯಿಂದ ಬಿಡಿಸಿ, ಮುಂಜಾನೆ ಬರುವ ವ್ಯಾನಿಗೆ ಹತ್ತಿಸಿ, ದೂರದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸುವುದು. ಅದರ ಶುಲ್ಕಕ್ಕಾಗಿ ಸಾಲ ಮಾಡಿದ ಮನೆಗಳೂ ಇವೆ. ಹೀಗೆ ಒಬ್ಬೊಬ್ಬರಾಗಿ ಮಕ್ಕಳು ಹೊರಟುಹೋದರೆ ಊರಿನ ಶಾಲೆಯ ಗತಿಯೇನೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆದುದರಿಂದ ಏಳನೆಯ ತರಗತಿ ಮುಗಿಸಿದ ಮಗು ಏಳು ವರ್ಷ ಇಂಗ್ಲಿಷಿನ ಸಹವಾಸ ಮಾಡಿರುತ್ತದೆ. ಆದರೂ ಬಾಯಿ ತೆರೆಯದಿರಲು ಕಾರಣವೇನು? ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ತರಗತಿಯಲ್ಲಿ 30 ಮಕ್ಕಳು, ಪಾಠದ ಅವಧಿ 40 ನಿಮಿಷ. ಅದರಲ್ಲಿ ಅರ್ಧ ಹೊತ್ತು ಗುರುಗಳೇ ಮಾತನಾಡಿದರೆ ಉಳಿದದ್ದು 20 ನಿಮಿಷ. ಅದನ್ನು ಸಮನಾಗಿ ಹಂಚಿದರೂ ಒಂದು ಮಗುವಿನ ಪಾಲಿಗೆ ಬರುವುದು 40 ಸೆಕೆಂಡು. ಅದನ್ನಾದರೂ ಯಾರು ಹಾಗೆ ಹಂಚುತ್ತಾರೆ? ಮುಂದಿನ ಸಾಲಿನ ಇಬ್ಬರು ಚುರುಕಾದವರು ಉತ್ತರ ಹೇಳುತ್ತಾರೆ, ಹಿಂದೆ ಕುಳಿತವರು ಫಲಕದ ಮೇಲಿನ ಅಕ್ಷರಗಳನ್ನು ನಕಲು ಮಾಡಿಕೊಳ್ಳುತ್ತಾರೆ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ‘ಸಂಥೆ’ ಎಂಬ ಮಾತು ಪರಿಚಿತ. ಗುರುಗಳು ಒಮ್ಮೆ ಹೇಳಬೇಕು, ಶಿಷ್ಯರು ಎರಡು ಸಲ ಹೇಳಬೇಕು. ಹ್ರಸ್ವವು ದೀರ್ಘವಾದರೆ, ಮಹಾಪ್ರಾಣ ಜಾರಿದರೆ ಅಲ್ಲಿಯೇ ತಡೆದು ತಿದ್ದುತ್ತಿದ್ದರು. ಪುಸ್ತಕ ಕೈಗೆ ಬರುವ ಮೊದಲೇ ಕಿವಿ ಮತ್ತು ನಾಲಗೆ ಪಳಗಿರುತ್ತಿದ್ದವು. ಇಂಗ್ಲಿಷು ಮಾತ್ರ ನಮ್ಮ ಹಳ್ಳಿಗಳಿಗೆ ಕಿವಿಯ ಮೂಲಕ ಬರಲಿಲ್ಲ, ಪುಸ್ತಕದ ಮೂಲಕ ಬಂದಿತು. ಅದನ್ನು ನುಡಿಯುವವರು ಮನೆಯಲ್ಲಿಲ್ಲ, ಸಂತೆಯಲ್ಲಿಲ್ಲ, ಹೊಲದಲ್ಲಿಲ್ಲ. ಸಂಥೆ ಹೇಳಿಕೊಡುವವರಿಲ್ಲದ ಭಾಷೆ ಬಾಯಿಗೆ ಹತ್ತುವುದು ಹೇಗೆ?

ಯಂತ್ರಗಳಿಂದ ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಮ್ಮಲ್ಲಿ ಹೊಸವಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕೆಯ ಉಪಗ್ರಹದ ನೆರವಿನಿಂದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನದ ಶೈಕ್ಷಣಿಕ ಕಾರ್ಯಕ್ರಮಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಉಪಗ್ರಹ ಮೇಲೇರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಆಕಾಶದಿಂದ ಇಳಿದವು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಇವೆಲ್ಲ ಸ್ತುತ್ಯ ಕಾರ್ಯಗಳೇ. ಆದರೆ ಪೆಟ್ಟಿಗೆ ಮಾತನಾಡುತ್ತಿತ್ತು, ಮಗು ನೋಡುತ್ತಿತ್ತು. ಮಗು ತಪ್ಪು ನುಡಿದರೆ ಕೇಳುವ ಕಿವಿ ಆ ಪೆಟ್ಟಿಗೆಗೆ ಇರಲಿಲ್ಲ.

ಈಗ ಆ ಕಿವಿ ಬಂದಿದೆ. 2019ರ ಮಾರ್ಚಿನಲ್ಲಿ ಗೂಗಲ್ ಸಂಸ್ಥೆಯು ‘ಬೋಲೋ’ ಎಂಬ ಓದುವ ಸಾಧನವನ್ನು ಮೊದಲು ಭಾರತದಲ್ಲಿಯೇ ಹೊರತಂದಿತು. ಮುಂದೆ ಅದಕ್ಕೆ ‘ರೀಡ್ ಅಲಾಂಗ್’ ಎಂದು ಹೆಸರಾಯಿತು. ಮೊಬೈಲಿನ ಪರದೆಯ ಮೇಲೆ ಕಥೆಯೊಂದು ಮೂಡುತ್ತದೆ. ಮಗು ಗಟ್ಟಿಯಾಗಿ ಓದಬೇಕು. ಯಂತ್ರವು ಆ ಧ್ವನಿಯನ್ನು ಆಲಿಸಿ, ಪರದೆಯ ಮೇಲಿನ ಪದದೊಡನೆ ಹೋಲಿಸಿ, ಸರಿಯೋ ತಪ್ಪೋ ತಿಳಿಸುತ್ತದೆ. ತಿಳಿಯದ ಪದವನ್ನು ಬೆರಳಿನಿಂದ ಮುಟ್ಟಿದರೆ ತಾನೇ ಉಚ್ಚರಿಸಿ ತೋರಿಸುತ್ತದೆ. ಕಥೆಗಳನ್ನು ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಓದಲು ಬರುವಂತೆ ಅದನ್ನು ರೂಪಿಸಿದ್ದರು. ಇಂಥ ಸಾಧನಗಳು ಇಂದು ಹಲವಿವೆ. ಇವುಗಳ ಮುಖ್ಯ ಗುಣ ತಾಳ್ಮೆ. ಹತ್ತು ಸಲ ಕೇಳಿದರೂ ಯಂತ್ರ ಬೇಸರಿಸುವುದಿಲ್ಲ, ಪಕ್ಕದ ಹುಡುಗನಂತೆ ನಗುವುದಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿದ ಮಗುವಿಗೆ ಇದು ಸಣ್ಣ ಉಪಕಾರವೇನಲ್ಲ.

ಕನ್ನಡದ ನಾಲಗೆ ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ತಿಳಿದವರು ಈ ಸಾಧನವನ್ನು ಇನ್ನೂ ಚೆನ್ನಾಗಿ ಬಳಸಬಲ್ಲರು. ನಮ್ಮ ಮಾತು ವ್ಯಂಜನದಲ್ಲಿ ನಿಲ್ಲಲು ಒಪ್ಪದು. ಅಂತೆಯೇ ಬಸ್ ‘ಬಸ್ಸು’ ಆಗುತ್ತದೆ, ಬುಕ್ ‘ಬುಕ್ಕು’ ಆಗುತ್ತದೆ. ಪದದ ಮೊದಲಿಗೆ ಎಕಾರ ಬಂದರೆ ಯಕಾರ ಸೇರಿಕೊಂಡು ಎಗ್ ‘ಯೆಗ್’ ಆಗುತ್ತದೆ. ಪಶ್ಚಿಮ ದಿಕ್ಕಿಗೂ ಒಳಅಂಗಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ, ನಾವು ಎರಡನ್ನೂ ‘ವೆಸ್ಟ್’ ಎಂದೇ ಬರೆಯುತ್ತೇವೆ, ಹಾಗೆಯೇ ನುಡಿಯುತ್ತೇವೆ. ತುಟಿಯನ್ನು ಹಲ್ಲಿಗೆ ತಾಗಿಸುವುದೋ, ದುಂಡಗೆ ಮಾಡುವುದೋ ಎಂಬ ಭೇದವನ್ನು ಕಿವಿಯಿಂದ ಕೇಳಿ, ಕಣ್ಣಿನಿಂದ ನೋಡಿಯೇ ಕಲಿಯಬೇಕು. ಆದರೆ ಕನ್ನಡದ ಮಗು ಬರಿಗೈಯಲ್ಲಿ ಬಂದಿರುವುದಿಲ್ಲ. ಹಡಗಿಗೆ ‘ಶಿಪ್’, ಕುರಿಗೆ ‘ಶೀಪ್’ ಎಂಬ ವ್ಯತ್ಯಾಸವನ್ನು ಗ್ರಹಿಸಲು ಎಷ್ಟೋ ದೇಶಗಳ ಕಲಿಕಾರ್ಥಿಗಳು ತಿಣುಕುತ್ತಾರೆ. ಇ, ಈ ಎಂಬ ಹ್ರಸ್ವದೀರ್ಘಗಳನ್ನು ಕಾಗುಣಿತದಲ್ಲಿ ಪಳಗಿಸಿಕೊಂಡ ನಮ್ಮ ಮಗುವಿಗೆ ಅದು ಬಹುಬೇಗ ಕೈಗೆ ಸಿಗುತ್ತದೆ. ಕನ್ನಡವನ್ನು ಗಟ್ಟಿಯಾಗಿ ಕಲಿತ ಮಗುವೇ ಇಂಗ್ಲಿಷಿಗೂ ಸಿದ್ಧವಾಗಿರುತ್ತದೆ ಎಂದು ನಾನು ಹೇಳುವುದು ಭಾಷಾಭಿಮಾನದಿಂದಷ್ಟೇ ಅಲ್ಲ.

ಇಷ್ಟಾದರೂ ಯಂತ್ರದ ಕಿವಿ ಗುರುವಿನ ಕಿವಿಯಲ್ಲ. ಅದು ಧ್ವನಿಯನ್ನು ಅಳೆಯುತ್ತದೆ, ಅರ್ಥವಾಯಿತೇ ಎಂದು ಅರಿಯದು. ಮಗು ಇಡೀ ಕಥೆಯನ್ನು ಅರ್ಥವಾಗದೆ ಗಿಳಿಪಾಠದಂತೆ ಓದಿದರೂ ಪರದೆಯ ಮೇಲೆ ನಕ್ಷತ್ರಗಳು ಉದುರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಮ್ಮ ಮಗು ಮೊದಮೊದಲು “ಐ ಮ್ಯಾಂಗೋ ಈಟ್” ಎನ್ನುವುದು ಸಹಜ. ಬರೆದಿಟ್ಟ ವಾಕ್ಯವನ್ನು ಓದಿಸುವ ಯಂತ್ರಕ್ಕೆ ಈ ತಪ್ಪು ಎಂದೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಮಗು ಸ್ವಂತ ವಾಕ್ಯವನ್ನು ಕಟ್ಟುವುದೇ ಇಲ್ಲ. ಇನ್ನು ಕೆಲವು ಆಟಗಳಿವೆ, ಚಿತ್ರವನ್ನು ಮುಟ್ಟಿದರೆ ಸಾಕು, ಗಂಟೆ ಬಾರಿಸುತ್ತದೆ. ಬೆರಳು ಕಲಿತದ್ದನ್ನು ನಾಲಗೆ ಕಲಿತಿತೆಂದು ತಿಳಿದು ಹಣ ಕೊಡುವ ಪಾಲಕರನ್ನು ಕಂಡರೆ ನನಗೆ ಮರುಕವಾಗುತ್ತದೆ. ಮಳೆಯ ಸದ್ದಿನಲ್ಲಿ, ನಾಲ್ಕು ಜನರ ಗದ್ದಲದಲ್ಲಿ ಯಂತ್ರ ಸರಿಯಾದುದನ್ನೂ ತಪ್ಪೆನ್ನುವುದುಂಟು. ಆಗ ಮಗುವನ್ನು ಗದರಿಸಬಾರದು.

ಮನೆಯಲ್ಲಿ ಒಂದೇ ಮೊಬೈಲಿದ್ದರೆ ಅದು ತಂದೆಯೊಡನೆ ಹೊಲಕ್ಕೋ ಹುಬ್ಬಳ್ಳಿಗೋ ಹೋಗಿ ರಾತ್ರಿ ಮರಳುತ್ತದೆ. ಮರಳಿದ ಮೇಲೆ ಮೊದಲು ಗಂಡುಮಗನ ಕೈ ಸೇರುತ್ತದೆ. ಮಗಳು ಅಡುಗೆಮನೆಯಲ್ಲಿ ತಾಯಿಯೊಡನೆ ರೊಟ್ಟಿ ಬಡಿಯುತ್ತಿರುತ್ತಾಳೆ. ತಂದೆ-ತಾಯಿಗಳು ಇದನ್ನು ಗಮನಿಸಬೇಕು. ದಿನಕ್ಕೆ 20 ನಿಮಿಷ ಸಾಕು. ಮಗ ಮತ್ತು ಮಗಳನ್ನು ಒಟ್ಟಿಗೆ ಕೂಡಿಸಿ, ಒಬ್ಬರು ಓದುವಾಗ ಇನ್ನೊಬ್ಬರು ಕೇಳುವಂತೆ ಮಾಡಬೇಕು. ಬಳಿಕ ಮೊಬೈಲನ್ನು ಎತ್ತಿಟ್ಟು, ಕಥೆಯೇನೆಂದು ತಾಯಿ ಕನ್ನಡದಲ್ಲಿಯೇ ಕೇಳಲಿ. ಅವಳಿಗೆ ಇಂಗ್ಲಿಷ್ ಬಾರದಿದ್ದರೇನಂತೆ, ಕಥೆಯ ಎಳೆ ತಪ್ಪಿದರೆ ಅವಳಿಗೆ ತಿಳಿಯದೇ? ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದನ್ನು ಅಷ್ಟರಲ್ಲಿಯೇ ಕಂಡುಕೊಳ್ಳುತ್ತಾಳೆ.

ಶಾಲೆಯಲ್ಲಿ ಗುರುಗಳು ಹಾಗೂ ಅಕ್ಕೋರು ಮಾಡಬೇಕಾದದ್ದು ಇದರ ಮುಂದಿನ ಭಾಗ. ಯಂತ್ರದೊಡನೆ ಓದಿ ಬಂದ ಕಥೆಯ ಬಗ್ಗೆ ಇಬ್ಬಿಬ್ಬರು ಮಕ್ಕಳು ಎದುರುಬದುರಾಗಿ ಕುಳಿತು ಪ್ರಶ್ನೆ ಕೇಳಲಿ, ಉತ್ತರಿಸಲಿ. ಆಗ 30 ಮಕ್ಕಳಲ್ಲಿ 15 ಮಂದಿ ಏಕಕಾಲಕ್ಕೆ ನುಡಿಯುತ್ತಾರೆ, ಮೇಲೆ ಹಾಕಿದ ಲೆಕ್ಕವೇ ಬದಲಾಗುತ್ತದೆ. ಕೋಣೆಯಲ್ಲಿ ಗದ್ದಲವಾಗುವುದು ನಿಜ. ಮುಖ್ಯಗುರುಗಳು ಅದನ್ನು ಸ್ವಲ್ಪ ಸಹಿಸಿಕೊಳ್ಳಬೇಕು. 2017ರಲ್ಲಿ ಆರಂಭವಾದ ‘ದೀಕ್ಷಾ’ ಜಾಲದ ಪಾಠಗಳಿಗೆ ದಾರಿ ತೋರುವ ಚೌಕದ ಗುರುತನ್ನು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಮುದ್ರಿಸಿದ್ದಾರೆ. ಮನೆಯಲ್ಲಿ ಅಂಥ ಪುಸ್ತಕವಿದ್ದರೆ ಇಂದು ರಾತ್ರಿಯೇ ಮಗಳ ಕೈಗೆ ಮೊಬೈಲು ಕೊಟ್ಟು, ಆ ಚೌಕದ ಹಿಂದೆ ಏನಿದೆಯೆಂದು ತೆರೆದು ತೋರಿಸಲು ಹೇಳಿರಿ.