ಒಂದೇ ದಿನಾಂಕ, ಎರಡು ಕಾನೂನು

ಮಾರುಕಟ್ಟೆ ತಾನಾಗಿ ಬೆಳೆದದ್ದಲ್ಲ, ಅದರ ಹಿಂದೆ ಸರ್ಕಾರದ ಕೈಯಿದೆ ಎಂದು ಕಾರ್ಲ್ ಪೊಲಾನಿ 1944ರಲ್ಲೇ ವಾದಿಸಿದ್ದರು. ಭೂಮಿಯಾಗಲಿ ಸಾಲಪತ್ರವಾಗಲಿ ಬಂಡವಾಳವಾಗುವುದು ಕಾನೂನಿನ ಬಲದಿಂದ ಎಂಬುದು ಕತರೀನಾ ಪಿಸ್ಟರ್ 2019ರಲ್ಲಿ ಬರೆದ ಪುಸ್ತಕದ ತಿರುಳು. ಕಾನೂನು, ರಾಜಕಾರಣ, ಬಂಡವಾಳಗಳ ನಂಟನ್ನು ಚರ್ಚಿಸುವ ನಮ್ಮ ವಿದ್ವಾಂಸರು ಈ ಇಬ್ಬರನ್ನೂ ಓದಲಿ. ಜೊತೆಗೆ ಕರ್ನಾಟಕ ಭೂಸುಧಾರಣಾ ಕಾಯ್ದೆಯನ್ನು ತೆರೆದು, 1974ರ ಮಾರ್ಚ್ 1 ಎಂಬ ದಿನಾಂಕದ ಮೇಲೂ ಕಣ್ಣಿಡಲಿ.

ದೇವರಾಜ ಅರಸು ಸರ್ಕಾರದ ತಿದ್ದುಪಡಿಯಂತೆ ಅಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ತಾನು ಉಳುತ್ತಿದ್ದ ಹೊಲದ ಒಡೆತನ ಪಡೆಯಬಹುದಿತ್ತು. ಅಲ್ಲಿ ವಕೀಲರು ವಾದ ಮಾಡುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಧಣಿಗೆ ಹೆಸರಾಂತ ವಕೀಲ ಸಿಗುತ್ತಾನೆ, ಗೇಣಿದಾರನಿಗೆ ಸಿಗುವುದಿಲ್ಲ. ಈ ಅರಿವಿಗೆ ಒಂದು ಉಪಕಲಮಿನಲ್ಲಿ ಜಾಗ ಸಿಕ್ಕಿತ್ತು. ಈ ಕಾನೂನು ಪುಕ್ಕಟೆ ಬಂದದ್ದಲ್ಲ. ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ತಕರಾರೆದ್ದು, 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹಕ್ಕೆ ಇಳಿದು ಜೈಲು ಕಂಡಿದ್ದರು.

ಹಾಗೆ ಸಿಕ್ಕ ಭೂಮಿ ಮತ್ತೆ ದುಡ್ಡಿದ್ದವರ ಪಾಲಾಗದಿರಲೆಂದು 79ಎ, 79ಬಿ ಕಲಂಗಳಿದ್ದವು. ಕೃಷಿಯೇತರ ಆದಾಯ ಮಿತಿ ಮೀರಿದವರು, ಕಂಪನಿಗಳು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಈ ಮಿತಿಯನ್ನು 1995ರಲ್ಲಿ ಜನತಾದಳ ಸರ್ಕಾರ 2 ಲಕ್ಷ ರೂಪಾಯಿಗೆ ಏರಿಸಿತು. 2015ರಲ್ಲಿ ಕಾಂಗ್ರೆಸ್ ಸರ್ಕಾರ 25 ಲಕ್ಷಕ್ಕೆ ಒಯ್ದಿತು. 2020ರಲ್ಲಿ, ಕೋವಿಡ್ ನಡುವೆ, ಬಿಜೆಪಿ ಸರ್ಕಾರ ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ಜೆಡಿಎಸ್ ಬೆಂಬಲದೊಂದಿಗೆ ವಿಧೇಯಕದಿಂದ ಆ ಕಲಂಗಳನ್ನೇ ಕಿತ್ತುಹಾಕಿತು. ಯಾವ ಪಕ್ಷವೂ ಇದರಿಂದ ಕೈತೊಳೆದುಕೊಳ್ಳುವಂತಿಲ್ಲ.

ಕಿತ್ತುಹಾಕಿದ ಬಗೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಕಲಂಗಳು 2020ರಿಂದಷ್ಟೇ ರದ್ದಾಗಲಿಲ್ಲ. 1974ರ ಮಾರ್ಚ್ 1ರಿಂದಲೇ ಇರಲಿಲ್ಲವೆಂದು ಭಾವಿಸತಕ್ಕದ್ದು ಎಂದಾಯಿತು. ಗೇಣಿದಾರನನ್ನು ಒಡೆಯನಾಗಿಸಿದ ದಿನವನ್ನೇ ಆರಿಸಿ, ಅವನ ಕಾವಲನ್ನು ಪೂರ್ವಾನ್ವಯವಾಗಿ ಅಳಿಸಲಾಯಿತು. ಬಾಕಿಯಿದ್ದ ಪ್ರಕರಣಗಳು ಅಲ್ಲಿಗೇ ಮುಗಿದವು.

ಈ ಕಲಂಗಳಿಂದ ಅಧಿಕಾರಿಗಳ ಕಿರುಕುಳ, ಲಂಚ ಹೆಚ್ಚಿದೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಕಿರುಕುಳ ನಿಜವೇ; ನೋಟಿಸಿಗೆ ಹೆದರಿ ಕಚೇರಿ ಅಲೆದವರಲ್ಲಿ ಸಣ್ಣ ಹಿಡುವಳಿದಾರರೂ ಇದ್ದರು. ಅದನ್ನು ತಪ್ಪಿಸಲು ಮುಂದಿನ ದಿನಗಳಿಗೆ ಅನ್ವಯಿಸುವ ರದ್ದತಿ ಸಾಕಿತ್ತು. 46 ವರ್ಷ ಹಿಂದಕ್ಕೆ ಹೋದದ್ದರ ಫಲ ಸಿಕ್ಕಿದ್ದು, ಕಾನೂನು ಜಾರಿಯಲ್ಲಿದ್ದಾಗಲೇ ಅದನ್ನು ಮೀರಿ ಜಮೀನು ಕೊಂಡವರಿಗೆ. ಮೀರಿ ಪಡೆದದ್ದು ಒಂದು ಸಾಲಿನ ಬಲದಿಂದ ಸಕ್ರಮ ಆಸ್ತಿಯಾಯಿತು. ಬಂಡವಾಳ ಕಾನೂನನ್ನು ಒಡೆಯುವುದಷ್ಟೇ ಅಲ್ಲ, ರಾಜಕಾರಣದ ಮೂಲಕ ಬರೆಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ಕಾಣದು.

ಹಾಗೆ ಕೈಬಿಟ್ಟ ಪ್ರಕರಣಗಳಲ್ಲಿ ಜಮೀನು ಎಷ್ಟು, ಯಾವ ತಾಲ್ಲೂಕಿನದು, ಕೊಂಡವರು ವ್ಯಕ್ತಿಗಳೋ ಕಂಪನಿಗಳೋ, ಇಂದು ಅಲ್ಲಿ ಬೆಳೆಯಿದೆಯೋ ಬಡಾವಣೆಯೋ? ಸರ್ಕಾರ ತಾಲ್ಲೂಕುವಾರು ಪಟ್ಟಿ ಮಾಡಿ ವಿಧಾನಮಂಡಲದ ಮುಂದಿಡಲಿ. ಕಾನೂನು ವಿಭಾಗದವರೂ ಅರ್ಥಶಾಸ್ತ್ರ ವಿಭಾಗದವರೂ ಒಟ್ಟಿಗೆ ಕೂತು ಆ ಕಡತಗಳನ್ನು ಓದಲಿ.