ವ್ಯೂಸ್ ಕಡಿಮೆ, ಹಾಡು ನಮ್ಮದೇ

'ಬಿ.ಇ. ಓದೋನಿಗೆ ಇದೆಲ್ಲ ಬೇಕಾ?' ಮೊಬೈಲ್‌ನಲ್ಲಿ ಮ್ಯೂಸಿಕ್ ವಿಡಿಯೊ ಮಾಡಲು ಹೊರಟಾಗ ಅಪ್ಪ ಗದರಿದ್ದರು. ಮೊದಲ ವಿಡಿಯೊಗೆ ಯಾರದೋ ಟ್ರ್ಯಾಕ್ ಬಳಸಿದ್ದೆವು. ಅಪ್‌ಲೋಡ್ ಮಾಡಿದ ಕೂಡಲೇ ಕಾಪಿರೈಟ್ ಕ್ಲೇಮ್ ಬಂತು. ತಪ್ಪು ನಮ್ಮದೇ.

ಎರಡನೆಯದಕ್ಕೆ ನಮ್ಮೂರನ್ನೇ ಹಾಡಾಗಿಸಿದೆವು. ಸುಮಾರು 10 ಕಿ.ಮೀ. ಉದ್ದದ ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ನೀರು ತುಮಕೂರಿನ ಕಡೆ ಹರಿಯುತ್ತದೆ. ಓದಿದ ಹುಡುಗರು ಬೆಂಗಳೂರಿನ ಕಡೆ. ಪಲ್ಲವಿ ಅಲ್ಲೇ ಸಿಕ್ಕಿತು. ತಾಳಕ್ಕೆ ಗೆಳೆಯನ ತಮಟೆ. ಸ್ಟುಡಿಯೊ ಇಲ್ಲದ್ದಕ್ಕೆ ಕಂಬಳಿ ಹೊದ್ದು ಧ್ವನಿ ರೆಕಾರ್ಡ್ ಮಾಡಿದೆವು.

ನೋಡಿದವರು ಕೆಲವೇ ನೂರು ಮಂದಿ. ಆದರೆ ಅಪ್ಪ ಎರಡು ಸಲ ನೋಡಿ, 'ಸುರಂಗ ತೋಡಿದ ಕತೆ ನನ್ನ ಕೇಳಿದ್ರೆ ಹೇಳ್ತಿದ್ದೆ' ಎಂದರು.

ಗೆಳೆಯರೇ, ಟ್ರೆಂಡ್ ಹಿಂದೆ ಓಡುವ ಮುನ್ನ ಕ್ಯಾಮೆರಾವನ್ನು ಒಮ್ಮೆ ನಿಮ್ಮೂರಿನ ಕಡೆ ತಿರುಗಿಸಿ.