ಕದ್ದ ಪತ್ರವೋ, ಸರಿಸಿಟ್ಟ ಪತ್ರವೋ?

‘ಅನುವಾದ ಓದಿದರೆ ಸಾಹಿತ್ಯ ಓದಿದಂತಾಯಿತೇ?’ ಎಂದು ಕೆಲವು ತಂದೆತಾಯಿಯರು ಕೇಳುವುದುಂಟು. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1849ರಲ್ಲಿ ತೀರಿಕೊಂಡ ಮೇಲೆ ಸ್ವದೇಶದಲ್ಲೇ ಅವನ ಹೆಸರಿಗೆ ಮಸಿ ಬಳಿದರು. ತಲೆಯ ಮೇಲೆ ಹೊತ್ತದ್ದು ಫ್ರಾನ್ಸ್. ಕವಿ ಬೋದಿಲೇರ್ 1848ರಿಂದ 17 ವರ್ಷ ಅವನನ್ನು ಫ್ರೆಂಚಿಗೆ ತಂದ.

ಹಾಗೆ ಬಂದ ಒಂದು ಕಥೆ ‘ದಿ ಪರ್ಲಾಯಿನ್ಡ್ ಲೆಟರ್’ (1844). ಮಂತ್ರಿಯೊಬ್ಬ ಅರಮನೆಯ ಪತ್ರ ಲಪಟಾಯಿಸುತ್ತಾನೆ. ಪೊಲೀಸರು ಮೆತ್ತೆಗಳಿಗೆ ಸೂಜಿ ಚುಚ್ಚಿ, ಕುರ್ಚಿಯ ಕೀಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸೋಲುತ್ತಾರೆ. ಪತ್ರವೋ, ಎಲ್ಲರ ಕಣ್ಣೆದುರಿಗೇ ಇರುತ್ತದೆ! (ಪ್ರಯೋಗಾಲಯದಲ್ಲೂ ಹೀಗಾಗುವುದುಂಟು.)

ಬೋದಿಲೇರ್ ಅದನ್ನು ‘ಕದ್ದ ಪತ್ರ’ ಎಂದ. 1955ರಲ್ಲಿ ಈ ಕಥೆಯನ್ನು ಪಾಠ ಮಾಡಿ, ಮುಂದೆ ಬರೆದು ಪ್ರಕಟಿಸಿದ ಮನೋವಿಶ್ಲೇಷಕ ಲಕಾನ್ ಈ ಅನುವಾದವನ್ನೇ ಪ್ರಶ್ನಿಸಿದ. ‘ಪರ್ಲಾಯಿನ್’ ಪದದ ಬೇರಿನಲ್ಲಿ ಇರುವುದು ಕದಿಯುವುದಲ್ಲ, ಸರಿಸಿಡುವುದು. ಹಾಗಾದರೆ ಅದು ತಲುಪಬೇಕಾದಲ್ಲಿಗೆ ತಲುಪದೆ ಸುತ್ತುವ ಪತ್ರ. ಒಳಗೇನಿದೆಯೆಂದು ಕೊನೆಗೂ ತಿಳಿಯದು. ಆದರೂ ಕೈಗೆ ಬಂದವರನ್ನೆಲ್ಲ ಕುಣಿಸುತ್ತದೆ. ಈ ಹೊಳಹು ಹುಟ್ಟಿದ್ದು ಎರಡು ಭಾಷೆಗಳ ನಡುವಿನ ಬಿರುಕಿನಲ್ಲಿ.

ಸಿನಿಮಾದ್ದೂ ಇದೇ ಕಥೆ. ಪೋನ ‘ಅಷರ್’ ಕಥೆಯಲ್ಲಿ ಅವಳಿ ಸೋದರ ಸೋದರಿಯಾಗಿದ್ದವರನ್ನು ಎಪ್‌ಸ್ಟೈನ್ 1928ರ ತನ್ನ ಚಿತ್ರದಲ್ಲಿ ಗಂಡ ಹೆಂಡತಿ ಮಾಡಿದ. ಏಕೆಂದು ಹುಡುಕಹೊರಟ ವಿದ್ಯಾರ್ಥಿ ಮೂಲವನ್ನು ತೆರೆಯಲೇಬೇಕು.